ಶೇಕಡ ಎರಡು ಎಂದರೆ ಯಾವುದರಲ್ಲಿ ಯಾವುದು?



ಇಂದು ನಾನು ಹೇಳಬೇಕೆಂದಿರುವ ವಿಷಯವು ರಸಾಯನ ಶಾಸ್ತ್ರದ ಮೊದಮೊದಲ ಪಾಠಗಳಿಗೆ ಸೇರಿದುದು. ದ್ರಾವಣದ ಸಾರತೆಯನ್ನು ಲೆಕ್ಕ ಹಾಕುವುದು ಹೇಗೆ ಎಂಬುದೇ ಆ ವಿಷಯ. ಕಾಲೇಜಿಗೆ ಹೊಸದಾಗಿ ಬಂದ ವಿದ್ಯಾರ್ಥಿಗಳು ಈ ಲೆಕ್ಕಗಳನ್ನು ಪರೀಕ್ಷೆಯವರೆಗೆ ಜ್ಞಾಪಕದಲ್ಲಿಟ್ಟುಕೊಂಡು, ಪರೀಕ್ಷೆ ಮುಗಿದೊಡನೆ ಮರೆತುಬಿಡುವುದು ವಾಡಿಕೆ. ಮರೆತುದರಿಂದ ಅವರಿಗೆ ಹೆಚ್ಚಿನ ನಷ್ಟವೇನೂ ಕಾಣುವುದಿಲ್ಲ. ಆದರೆ ಇದೇ ಲೆಕ್ಕ ತಪ್ಪಿದರೆ ಒಂದು ಸಂಸಾರದ ಒಂದು ತಿಂಗಳ ದುಡಿಮೆ ಮಣ್ಣುಪಾಲಾಗುವ ಸ್ಥಳಗಳೂ ಉಂಟು. ಅಂತಹ ಒಂದು ಸ್ಥಳವನ್ನು ಹುಡುಕಿಕೊಂಡು ನಾವು ಬಹುದೂರ ಹೋಗಬೇಕಾಗಿಲ್ಲ.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಬಿಡದಿ ಸಿಕ್ಕುತ್ತದೆ. ಬಿಡದಿ ಎಂದೊಡನೆ ಪಟ್ಟಣದವರಿಗೆ ಅಲ್ಲಿನ ತಟ್ಟೆ ಇಡ್ಲಿಯ ನೆನಪು ಬರುತ್ತದೆ. ಈಚಿನವರಿಗೆ ಮೋಟಾರು ಕಾರುಗಳ ಕಾರ್ಖಾನೆ ಜ್ಞಾಪಕಕ್ಕೆ ಬರಬಹುದು. ಆದರೆ ಹೆದ್ದಾರಿಯನ್ನು ಬಿಟ್ಟು ರಾಮನಗರದ ಕಡೆಯ ಹಳ್ಳಿಗಳೊಳಕ್ಕೆ ಹೊಕ್ಕು ನೋಡಿದರೆ, ಹಿಪ್ಪುನೇರಳೆಯ ತೋಟಗಳೂ ಅವುಗಳ ಬಳಿಯಲ್ಲೇ ರೇಷ್ಮೆ ಹುಳು ಸಾಕುವ ಮನೆಗಳೂ ಕಣ್ಣಿಗೆ ಬೀಳುತ್ತವೆ. ಅಲ್ಲಿ ಬೆಳೆದ ಗೂಡು ರಾಮನಗರದ ದೊಡ್ಡ ಮಾರುಕಟ್ಟೆಗೆ ಹೋಗಿ ಹರಾಜಾಗುತ್ತದೆ. ಬಿಡದಿ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ಸೀಮೆಯಲ್ಲೆಲ್ಲ ರೇಷ್ಮೆಯು ಬಹುಕಾಲದಿಂದ ಬೇರೂರಿರುವ ಕಸುಬು.

ರೇಷ್ಮೆ ಹುಳು ಮೊಟ್ಟೆಯಿಂದ ಹೊರಬಂದು ಗೂಡು ಕಟ್ಟುವವರೆಗೆ ಸುಮಾರು ಇಪ್ಪತ್ತೈದು ದಿನಗಳು ಹಿಡಿಯುತ್ತವೆ. ಅಷ್ಟರಲ್ಲಿ ಅದು ನಾಲ್ಕು ಬಾರಿ ಜ್ವರಕ್ಕೆ ಕೂತು ಎದ್ದು, ಐದನೆಯ ಹಂತದಲ್ಲಿ ತನ್ನ ಆಯುಷ್ಯದ ಸೊಪ್ಪಿನಲ್ಲಿ ಬಹುಪಾಲನ್ನು ತಿಂದು ಮುಗಿಸುತ್ತದೆ. ರೋಗವು ಬಂದರೆ ಸಾಮಾನ್ಯವಾಗಿ ತನ್ನ ಮುಖವನ್ನು ತೋರಿಸುವುದೂ ಈ ಐದನೆಯ ಹಂತದಲ್ಲಿಯೇ. ಸೊಪ್ಪು ಖರ್ಚಾಗಿರುತ್ತದೆ, ಆಳುಗಳ ಕೂಲಿ ಖರ್ಚಾಗಿರುತ್ತದೆ, ಮನೆಯವರ ನಿದ್ರೆಯೂ ಖರ್ಚಾಗಿರುತ್ತದೆ. ಗೂಡು ಮಾತ್ರ ಕೈಗೆ ಬರುವುದಿಲ್ಲ. ಹಾಲುತೊಂಡೆ ರೋಗದಲ್ಲಿ ಹುಳುವಿನ ಮೈ ಊದಿಕೊಂಡು, ಚರ್ಮ ಒಡೆದು, ಹಾಲಿನಂತಹ ರಸ ಸೋರುತ್ತದೆ. ಆ ರಸದ ಒಂದೊಂದು ಹನಿಯಲ್ಲೂ ಎಣಿಸಲಾಗದಷ್ಟು ರೋಗಾಣುಗಳಿರುತ್ತವೆ. ಸುಣ್ಣಕಟ್ಟು ರೋಗದಲ್ಲಿ ಸತ್ತ ಹುಳು ಸುಣ್ಣದ ಕಡ್ಡಿಯಂತೆ ಬೆಳ್ಳಗಾಗಿ ಗಟ್ಟಿಯಾಗುತ್ತದೆ. ಸಪ್ಪೆ ರೋಗ, ಗಂಟು ರೋಗ ಎಂಬ ಇನ್ನೆರಡೂ ಇವುಗಳ ಜೊತೆಗಾರರು.

ಈ ರೋಗಗಳು ದೃಷ್ಟಿ ತಾಗಿಯೋ ಗಾಳಿ ಸೋಕಿಯೋ ಬರುವುದಲ್ಲ, ಕಣ್ಣಿಗೆ ಕಾಣದ ಜೀವಿಗಳಿಂದ ಬರುತ್ತವೆ ಎಂಬ ಸಂಗತಿ ಗೊತ್ತಾದ ಬಗೆಯು ವಿಜ್ಞಾನದ ಚರಿತ್ರೆಯಲ್ಲಿ ಒಂದು ದೊಡ್ಡ ಅಧ್ಯಾಯ. ಇಟಲಿಯ ಅಗೋಸ್ಟಿನೋ ಬಾಸ್ಸಿ ಎಂಬಾತನು ಸುಣ್ಣಕಟ್ಟು ರೋಗಕ್ಕೆ ಒಂದು ಬೂಷ್ಟೇ ಕಾರಣವೆಂಬುದನ್ನು ೧೮೩೫ರಲ್ಲಿ ಪ್ರಕಟಿಸಿದನು. ಫ್ರಾನ್ಸಿನ ಲೂಯಿ ಪಾಶ್ಚರನು ೧೮೬೫ರಿಂದ ಕೆಲವು ವರ್ಷಗಳ ಕಾಲ ಗಂಟು ರೋಗವನ್ನು ಕುರಿತು ಶ್ರಮಿಸಿ, ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆಯನ್ನು ಆರಿಸುವ ಕ್ರಮವನ್ನು ಕಂಡುಹಿಡಿದನು. ಮನುಷ್ಯರ ರೋಗಗಳ ವಿಚಾರದಲ್ಲಿ ನಾವು ಕಲಿತ ಪಾಠಕ್ಕೆ ರೇಷ್ಮೆ ಹುಳುವೇ ಮೊದಲ ಗುರುಗಳಲ್ಲಿ ಒಂದೆಂದರೆ ತಪ್ಪಾಗದು. ಆದರೆ ಮೊಟ್ಟೆಯೊಂದು ಶುದ್ಧವಾಗಿದ್ದರೆ ಸಾಲದು. ಹಿಂದಿನ ಬೆಳೆಯ ರೋಗಾಣುಗಳು ನೆಲದ ಬಿರುಕಿನಲ್ಲಿ, ಗೋಡೆಯ ಧೂಳಿನಲ್ಲಿ, ತಟ್ಟೆಗಳಲ್ಲಿ, ಚಂದ್ರಿಕೆಗಳಲ್ಲಿ ಅಡಗಿ ಕುಳಿತಿರುತ್ತವೆ. ಆದುದರಿಂದ ಒಂದು ಬೆಳೆಗೂ ಇನ್ನೊಂದು ಬೆಳೆಗೂ ನಡುವೆ ಹುಳುಮನೆಯನ್ನು ತೊಳೆದು, ಸೋಂಕುನಾಶಕ ದ್ರಾವಣವನ್ನು ಸಿಂಪಡಿಸಲೇಬೇಕು. ಇಲ್ಲಿಂದಲೇ ನಮ್ಮ ಲೆಕ್ಕವು ಪ್ರಾರಂಭವಾಗುತ್ತದೆ.

ಕಾಗದವೂ ಪೆನ್ಸಿಲೂ ಹತ್ತಿರವಿದ್ದರೆ ದಯವಿಟ್ಟು ತೆಗೆದುಕೊಳ್ಳಿ. ಕಿವಿಯಿಂದ ಕೇಳಿದ ಅಂಕಿಗಳು ನಿಲ್ಲುವುದು ಕಷ್ಟ.

ಮೊದಲು ಮೂಲತತ್ತ್ವವನ್ನು ಹೇಳುತ್ತೇನೆ. ಒಂದು ಚೊಂಬು ಪಾನಕಕ್ಕೆ ಇನ್ನೊಂದು ಚೊಂಬು ನೀರು ಬೆರೆಸಿದರೆ ಸಿಹಿ ಅರ್ಧಕ್ಕೆ ಇಳಿಯುತ್ತದೆ. ಆದರೆ ಅದರಲ್ಲಿನ ಬೆಲ್ಲ ಎಲ್ಲಿಗೂ ಹೋಗಿಲ್ಲ. ಮೊದಲು ಎಷ್ಟಿತ್ತೋ ಈಗಲೂ ಅಷ್ಟೇ ಇದೆ. ಕರಗಿರುವ ವಸ್ತುವಿಗೆ ದ್ರಾವ್ಯವೆಂದು ಹೆಸರು, ಕರಗಿಸಿಕೊಂಡಿರುವುದಕ್ಕೆ ದ್ರಾವಕವೆಂದು ಹೆಸರು. ನೀರು ಸೇರಿಸಿದಾಗ ದ್ರಾವ್ಯದ ಮೊತ್ತವು ಬದಲಾಗುವುದಿಲ್ಲ, ಅದು ಹರಡಿಕೊಳ್ಳುವ ಸ್ಥಳ ಮಾತ್ರ ಹೆಚ್ಚುತ್ತದೆ. ಆದಕಾರಣ, ಮೊದಲಿನ ಸಾರತೆಯನ್ನು ಮೊದಲಿನ ಗಾತ್ರದಿಂದ ಗುಣಿಸಿದರೆ ಬರುವ ಲಬ್ಧವೂ, ಕೊನೆಯ ಸಾರತೆಯನ್ನು ಕೊನೆಯ ಗಾತ್ರದಿಂದ ಗುಣಿಸಿದರೆ ಬರುವ ಲಬ್ಧವೂ ಸಮವಾಗಿರಬೇಕು. ದ್ರಾವಣವನ್ನು ತೆಳುಮಾಡುವ ಲೆಕ್ಕಗಳೆಲ್ಲವೂ ಈ ಒಂದು ವಾಕ್ಯದೊಳಗೆ ಅಡಗಿವೆ. ಇದು ಬಾಯಿಪಾಠದ ಸೂತ್ರವಲ್ಲ. ಇದ್ದುದು ಇಲ್ಲವಾಗುವುದಿಲ್ಲ, ಇಲ್ಲದುದು ಬರುವುದಿಲ್ಲ ಎಂಬ ಸಾಮಾನ್ಯ ವಿವೇಕವೇ ಇದು.

ಈಗ ಒಂದು ಹುಳುಮನೆಯನ್ನು ಊಹಿಸಿಕೊಳ್ಳೋಣ. ಉದ್ದ ೧೦ ಮೀಟರು, ಅಗಲ ೬ ಮೀಟರು; ನೆಲದ ವಿಸ್ತೀರ್ಣ ೬೦ ಚದರ ಮೀಟರು. ಚದರ ಮೀಟರೊಂದಕ್ಕೆ ಒಂದೂವರೆ ಲೀಟರಿನಂತೆ ಹಿಡಿದರೆ ಸಿಂಪಡಿಸಲು ೯೦ ಲೀಟರು ದ್ರಾವಣ ಬೇಕು. ಬಹುಕಾಲ ಬಳಕೆಯಲ್ಲಿದ್ದ ಸೋಂಕುನಾಶಕವು ಫಾರ್ಮಲಿನ್. ಫಾರ್ಮಾಲ್ಡಿಹೈಡ್ ಎಂಬ ಅನಿಲವು ನೀರಿನಲ್ಲಿ ಕರಗಿದ ದ್ರಾವಣಕ್ಕೆ ಈ ಹೆಸರು. ಅಂಗಡಿಯಿಂದ ತಂದ ಸೀಸೆಯ ಮೇಲೆ ಶೇಕಡ ೩೬ ಎಂದು ಬರೆದಿದೆ ಎನ್ನೋಣ. ಹುಳುಮನೆಗೆ ಬೇಕಾದುದು ಶೇಕಡ ೨ರ ಫಾರ್ಮಾಲ್ಡಿಹೈಡ್ ದ್ರಾವಣ. ಬೇಕಾದ ಸಾರತೆ ೨, ಬೇಕಾದ ಗಾತ್ರ ೯೦; ಇವುಗಳ ಲಬ್ಧ ೧೮೦. ಇದನ್ನು ಸೀಸೆಯ ಸಾರತೆಯಾದ ೩೬ರಿಂದ ಭಾಗಿಸಿದರೆ ೫ ಬರುತ್ತದೆ. ಎಂದರೆ ೫ ಲೀಟರು ಫಾರ್ಮಲಿನ್ನಿಗೆ ೮೫ ಲೀಟರು ನೀರು. ಇದನ್ನೇ ಬೆಳೆಗಾರರಿಗೆ ಇನ್ನೊಂದು ರೀತಿಯಲ್ಲಿ ಹೇಳಿಕೊಡುವುದುಂಟು: ಇರುವ ಸಾರತೆಯಲ್ಲಿ ಬೇಕಾದ ಸಾರತೆಯನ್ನು ಕಳೆದು, ಬೇಕಾದ ಸಾರತೆಯಿಂದ ಭಾಗಿಸಿದರೆ, ಒಂದು ಪಾಲಿಗೆ ಎಷ್ಟು ಪಾಲು ನೀರೆಂಬುದು ತಿಳಿಯುತ್ತದೆ. ೩೬ರಲ್ಲಿ ೨ ಕಳೆದರೆ ೩೪. ಎರಡರಿಂದ ಭಾಗಿಸಿದರೆ ೧೭. ಒಂದು ಪಾಲಿಗೆ ಹದಿನೇಳು ಪಾಲು. ೫ ಲೀಟರಿಗೆ ೮೫ ಲೀಟರು. ಎರಡು ದಾರಿಗಳೂ ಒಂದೇ ಊರಿಗೆ ಬಂದು ಸೇರಿದುವು.

ಇಷ್ಟು ಸುಲಭವಾದ ಲೆಕ್ಕದಲ್ಲಿ ತಪ್ಪುವುದೆಲ್ಲಿ? ಎರಡು ಕಡೆಗಳಲ್ಲಿ. ಮೊದಲನೆಯದು ಚಿಕ್ಕ ತಪ್ಪು. ಕೊನೆಗೆ ಒಟ್ಟು ೯೦ ಲೀಟರು ಆಗಬೇಕೆಂಬುದನ್ನು, ೯೦ ಲೀಟರು ನೀರಿಗೆ ೫ ಲೀಟರು ಹಾಕಬೇಕೆಂದು ತಿಳಿಯುವುದು. ಆಗ ಒಟ್ಟು ೯೫ ಲೀಟರಾಗಿ, ಸಾರತೆಯು ಶೇಕಡ ೨ಕ್ಕೆ ಬದಲಾಗಿ ಸುಮಾರು ೧.೯ ಆಗುತ್ತದೆ. ಇದು ಕ್ಷಮಿಸಬಹುದಾದ ತಪ್ಪು. ಎರಡನೆಯದು ದೊಡ್ಡ ತಪ್ಪು. ಶೇಕಡ ೨ ಎಂಬ ಮಾತನ್ನು ಕೇಳಿ, ನೂರು ಲೀಟರಿಗೆ ಎರಡು ಲೀಟರು ಫಾರ್ಮಲಿನ್ ಎಂದು ತಿಳಿದು, ೯೦ ಲೀಟರಿಗೆ ೧.೮ ಲೀಟರನ್ನು ಮಾತ್ರ ಬೆರೆಸುವುದು. ಸೀಸೆಯೊಳಗಿನ ದ್ರವದಲ್ಲಿ ಫಾರ್ಮಾಲ್ಡಿಹೈಡ್ ಇರುವುದೇ ಶೇಕಡ ೩೬. ಅದರ ನೂರರಲ್ಲಿ ಎರಡು ಭಾಗವನ್ನು ತೆಗೆದುಕೊಂಡರೆ ಕೊನೆಗೆ ದೊರೆಯುವುದು ಶೇಕಡ ೦.೭೨. ಬೇಕಾದುದರಲ್ಲಿ ಮೂರನೆಯ ಒಂದು ಭಾಗಕ್ಕೆ ತುಸು ಹೆಚ್ಚು, ಅಷ್ಟೆ. ವಾಸನೆ ಮೂಗಿಗೆ ಹೊಡೆಯುತ್ತದೆ, ಕಣ್ಣು ಉರಿಯುತ್ತದೆ. ಕೆಲಸವಾಯಿತೆಂದು ಮನಸ್ಸಿಗೆ ಸಮಾಧಾನವಾಗುತ್ತದೆ. ಆದರೆ ಗೋಡೆಯ ಬಿರುಕಿನಲ್ಲಿ ಅಡಗಿರುವ ರೋಗಾಣುವಿಗೆ ನಮ್ಮ ಸಮಾಧಾನದ ಸಂಬಂಧವೇನು? ಅದಕ್ಕೆ ತಿಳಿಯುವುದು ಸಾರತೆಯೊಂದೇ.

ಹೀಗೆ, ಶೇಕಡ ಎಂಬ ಮಾತು ಒಂಟಿಯಾಗಿ ನಿಂತರೆ ಅರ್ಧ ಮಾತು. ಯಾವುದರಲ್ಲಿ ಯಾವುದು ಶೇಕಡ ಎರಡು ಎಂದು ಕೇಳಿದಾಗಲೇ ಅದು ಪೂರ್ತಿಯಾಗುವುದು. ಈ ಪ್ರಶ್ನೆಗೆ ಇನ್ನೂ ಒಂದು ಮುಖವುಂಟು. ಕೆಲವು ಫಾರ್ಮಲಿನ್ ಸೀಸೆಗಳ ಮೇಲೆ ೩೭ ಎಂದೂ ಕೆಲವುಗಳ ಮೇಲೆ ೪೦ ಎಂದೂ ಇರುವುದನ್ನು ನೋಡಿ, ಒಂದು ಇನ್ನೊಂದಕ್ಕಿಂತ ಕಟುವೆಂದು ಭಾವಿಸುವುದು ಸಹಜ. ಎರಡೂ ಒಂದೇ ಆಗಿರಬಹುದು. ನೂರು ಗ್ರಾಂ ತೂಕದ ದ್ರಾವಣದಲ್ಲಿ ೩೭ ಗ್ರಾಂ ಎನ್ನುವುದು ಒಂದು ಲೆಕ್ಕ. ನೂರು ಮಿಲಿಲೀಟರು ಗಾತ್ರದ ದ್ರಾವಣದಲ್ಲಿ ೪೦ ಗ್ರಾಂ ಎನ್ನುವುದು ಇನ್ನೊಂದು ಲೆಕ್ಕ. ಫಾರ್ಮಲಿನ್ ನೀರಿಗಿಂತ ಭಾರವಾದುದು; ಅದರ ಒಂದು ಲೀಟರು ಸುಮಾರು ಒಂದು ಸಾವಿರದ ಎಂಬತ್ತು ಗ್ರಾಂ ತೂಗುತ್ತದೆ. ಅದರಲ್ಲಿ ನೂರಕ್ಕೆ ೩೭ ಎಂದರೆ ನಾನೂರು ಗ್ರಾಂ ಆಗುವುದಷ್ಟೆ. ತೂಕವೋ ಗಾತ್ರವೋ ಎಂಬುದನ್ನು ವಿಚಾರಿಸದೆ ಅಂಕಿಯನ್ನು ನಂಬಬಾರದು. ಈಗ ನಾವು ಮಾಡಿದ ಉದಾಹರಣೆಯಲ್ಲಿ ನೂರು ಮಿಲಿಲೀಟರಿಗೆ ೩೬ ಗ್ರಾಂ ಎಂದು ಇಟ್ಟುಕೊಂಡಿದ್ದೇವೆ.

ಕಾಲೇಜಿನ ವಿದ್ಯಾರ್ಥಿಗಳು ಇದೇ ಸಂಗತಿಯನ್ನು ಮೋಲ್ ಎಂಬ ಮಾನದಿಂದ ಹೇಳುತ್ತಾರೆ. ಅಣುಗಳನ್ನು ಒಂದೊಂದಾಗಿ ಎಣಿಸಲಾಗದುದರಿಂದ, ವರ್ತಕರು ಡಜನ್ ಲೆಕ್ಕದಲ್ಲಿ ಎಣಿಸುವಂತೆ, ರಸಾಯನಜ್ಞರು ಮೋಲ್ ಲೆಕ್ಕದಲ್ಲಿ ಎಣಿಸುತ್ತಾರೆ. ಫಾರ್ಮಾಲ್ಡಿಹೈಡಿನ ಅಣುವಿನಲ್ಲಿ ಇಂಗಾಲದ ಒಂದು, ಜಲಜನಕದ ಎರಡು, ಆಮ್ಲಜನಕದ ಒಂದು ಪರಮಾಣು ಇವೆ. ಅವುಗಳ ತೂಕ ಹನ್ನೆರಡು, ಎರಡು, ಹದಿನಾರು, ಒಟ್ಟು ಮೂವತ್ತು. ಆದುದರಿಂದ ಅದರ ಒಂದು ಮೋಲಿನ ತೂಕ ೩೦ ಗ್ರಾಂ. ನಮ್ಮ ಸೀಸೆಯ ಒಂದು ಲೀಟರಿನಲ್ಲಿ ೩೬೦ ಗ್ರಾಂ ಇದೆ. ಮೂವತ್ತರಿಂದ ಭಾಗಿಸಿದರೆ ೧೨ ಮೋಲು. ಹುಳುಮನೆಯ ದ್ರಾವಣದ ಲೀಟರಿನಲ್ಲಿ ೨೦ ಗ್ರಾಂ ಇದೆ. ಎಂದರೆ ಒಂದು ಮೋಲಿನ ಮೂರನೆಯ ಎರಡು ಭಾಗ. ಹನ್ನೆರಡನ್ನು ಹದಿನೆಂಟರಿಂದ ಭಾಗಿಸಿದರೂ ಬರುವುದು ಅದೇ ಮೂರನೆಯ ಎರಡು. ಮಾನವು ಬೇರೆಯಾಯಿತು, ನಿಯಮವು ಬೇರೆಯಾಗಲಿಲ್ಲ.

ಈಗ ಎರಡನೆಯ ಸೋಂಕುನಾಶಕಕ್ಕೆ ಬರೋಣ. ಚೆಲುವೆ ಪುಡಿ, ಎಂದರೆ ಎಲ್ಲರೂ ಬಲ್ಲ ಬ್ಲೀಚಿಂಗ್ ಪೌಡರು. ೧೭೯೯ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಟೆನ್ನಂಟನು ಬಟ್ಟೆಯನ್ನು ಬಿಳುಪು ಮಾಡುವುದಕ್ಕಾಗಿ ಇದಕ್ಕೆ ಹಕ್ಕುಪತ್ರ ಪಡೆದನು. ಅರಳಿದ ಸುಣ್ಣಕ್ಕೆ ಕ್ಲೋರಿನ್ ಅನಿಲವನ್ನು ಹಾಯಿಸಿದರೆ ಇದು ಸಿದ್ಧವಾಗುತ್ತದೆ. ಹುಳುಮನೆಗೆ ಇದರ ಶೇಕಡ ೨ರ ದ್ರಾವಣವನ್ನು ಶೇಕಡ ೦.೩ರಷ್ಟು ಅರಳಿದ ಸುಣ್ಣದೊಡನೆ ಬಳಸಬೇಕೆಂದು ವಿಧಿ. ನಮ್ಮ ೯೦ ಲೀಟರಿಗೆ ೧.೮ ಕಿಲೋಗ್ರಾಂ ಪುಡಿ, ೨೭೦ ಗ್ರಾಂ ಸುಣ್ಣ. ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಫಾರ್ಮಲಿನ್ ವಿಷಯದಲ್ಲಿ ಶೇಕಡ ೨ ಎಂಬುದು ಕೆಲಸ ಮಾಡುವ ಸತ್ತ್ವದ ಲೆಕ್ಕವಾಗಿತ್ತು. ಚೆಲುವೆ ಪುಡಿಯ ವಿಷಯದಲ್ಲಿ ಶೇಕಡ ೨ ಎಂಬುದು ಪುಡಿಯ ಲೆಕ್ಕ. ಒಳ್ಳೆಯ ಪುಡಿಯಲ್ಲಿ ಕೆಲಸಕ್ಕೆ ಬರುವ ಕ್ಲೋರಿನ್ ಇರುವುದು ನೂರಕ್ಕೆ ೩೦ ಮಾತ್ರ. ಹಾಗಾಗಿ ನಿಜವಾದ ಕ್ಲೋರಿನಿನ ಸಾರತೆ ಶೇಕಡ ೦.೬, ಎಂದರೆ ಲೀಟರಿಗೆ ೬ ಗ್ರಾಂ. ಎರಡು ಔಷಧಗಳಿಗೂ ಶೇಕಡ ೨ ಎಂದೇ ಹೆಸರು. ಆದರೆ ಎರಡು ಎಂಬ ಅಂಕಿಯು ಒಂದೊಂದು ಕಡೆಯಲ್ಲಿ ಒಂದೊಂದು ವಸ್ತುವನ್ನು ಹೇಳುತ್ತದೆ.

ಚೆಲುವೆ ಪುಡಿಗೆ ಇನ್ನೂ ಒಂದು ದುರ್ಗುಣವಿದೆ. ಗಾಳಿ, ತೇವ, ಬಿಸಿಲು ತಾಗಿದರೆ ಅದರ ಕ್ಲೋರಿನ್ ದಿನದಿನಕ್ಕೆ ಹಾರಿಹೋಗುತ್ತದೆ. ತೂಕದಲ್ಲಿ ಮಾತ್ರ ವ್ಯತ್ಯಾಸ ಕಾಣುವುದಿಲ್ಲ. ಬಾಯಿ ತೆರೆದಿಟ್ಟ ಚೀಲದಲ್ಲಿನ ಪುಡಿಯು ಶೇಕಡ ೩೦ರಿಂದ ೨೦ಕ್ಕೆ ಇಳಿದಿದೆ ಎನ್ನಿ. ಹಿಂದಿನಂತೆ ೧.೮ ಕಿಲೋಗ್ರಾಂ ತೂಗಿ ಹಾಕಿದರೆ ಸಿಕ್ಕುವ ಕ್ಲೋರಿನ್ ೩೬೦ ಗ್ರಾಂ; ಬೇಕಾದುದು ೫೪೦ ಗ್ರಾಂ. ತಕ್ಕಡಿಯು ಸುಳ್ಳು ಹೇಳಲಿಲ್ಲ, ಆದರೂ ದ್ರಾವಣವು ಸಪ್ಪೆಯಾಯಿತು. ಅಷ್ಟೇ ಸತ್ತ್ವ ಬೇಕಾದರೆ ೫೪೦ನ್ನು ಶೇಕಡ ೨೦ರಿಂದ ಭಾಗಿಸಿ, ೨.೭ ಕಿಲೋಗ್ರಾಂ ಪುಡಿಯನ್ನು ಹಾಕಬೇಕು. ಇದಕ್ಕಿಂತಲೂ, ಗಾಳಿಯಾಡದಂತೆ ಮುಚ್ಚಿದ ಹೊಸ ಪುಡಿಯನ್ನು ತರುವುದು ಲೇಸು.

ಪುಡಿಯಲ್ಲಿ ಎಷ್ಟು ಸತ್ತ್ವ ಉಳಿದಿದೆಯೆಂಬುದನ್ನು ತಿಳಿಯುವ ಉಪಾಯವು ಯಾವ ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ಉಂಟು. ೫ ಗ್ರಾಂ ಪುಡಿಯನ್ನು ನೀರಿನಲ್ಲಿ ಅರೆದು ೫೦೦ ಮಿಲಿಲೀಟರು ಮಾಡಿ, ಚೆನ್ನಾಗಿ ಕುಲುಕಿ, ಅದರಲ್ಲಿ ೨೫ ಮಿಲಿಲೀಟರನ್ನು ಅಳೆದು ತೆಗೆಯಬೇಕು. ಇದರಲ್ಲಿ ಇರುವ ಪುಡಿ ಕಾಲು ಗ್ರಾಂ. ಇದಕ್ಕೆ ಪೊಟ್ಯಾಸಿಯಂ ಅಯೋಡೈಡನ್ನೂ ಸ್ವಲ್ಪ ಅಸಿಟಿಕ್ ಆಮ್ಲವನ್ನೂ ಹಾಕಿದರೆ, ಕ್ಲೋರಿನ್ ತನ್ನ ಅಣುವಿಗೆ ಒಂದು ಅಣುವಿನಂತೆ ಅಯೋಡಿನ್ನನ್ನು ಬಿಡಿಸುತ್ತದೆ. ದ್ರಾವಣವು ಕಂದು ಬಣ್ಣಕ್ಕೆ ತಿರುಗುತ್ತದೆ. ಬಳಿಕ ಲೀಟರಿಗೆ ಹತ್ತನೆಯ ಒಂದು ಮೋಲ್ ಇರುವ ಸೋಡಿಯಂ ಥಯೋಸಲ್ಫೇಟನ್ನು ಬ್ಯುರೆಟ್ಟಿನಿಂದ ತೊಟ್ಟುತೊಟ್ಟಾಗಿ ಬಿಡಬೇಕು. ಬಣ್ಣ ತಿಳಿಹಳದಿಯಾದಾಗ ಗಂಜಿಯ ತಿಳಿಯನ್ನು ಹಾಕಿದರೆ ನೀಲಿ ಬರುತ್ತದೆ. ಆ ನೀಲಿ ಮಾಯವಾದ ಕ್ಷಣವೇ ಕೊನೆ. ಈ ಥಯೋಸಲ್ಫೇಟಿನ ಒಂದು ಮಿಲಿಲೀಟರು ೩.೫೫ ಮಿಲಿಗ್ರಾಂ ಕ್ಲೋರಿನಿಗೆ ಸಮ. ೨೧.೧ ಮಿಲಿಲೀಟರು ಖರ್ಚಾದರೆ ಕ್ಲೋರಿನ್ ಸುಮಾರು ೭೫ ಮಿಲಿಗ್ರಾಂ. ಕಾಲು ಗ್ರಾಮಿನಲ್ಲಿ ಎಪ್ಪತ್ತೈದು ಮಿಲಿಗ್ರಾಂ ಎಂದರೆ ಶೇಕಡ ೩೦. ಖರ್ಚಾದುದು ೧೪.೧ ಮಾತ್ರವಾದರೆ ಕ್ಲೋರಿನ್ ೫೦ ಮಿಲಿಗ್ರಾಂ, ಪುಡಿ ಶೇಕಡ ೨೦. ಅರ್ಧ ಗಂಟೆಯ ಈ ಕೆಲಸವು ಒಂದು ಹಳ್ಳಿಯ ಹುಳುಮನೆಗಳೆಲ್ಲಕ್ಕೂ ಉಪಕಾರಿ. ರೇಷ್ಮೆ ಸೀಮೆಯ ಕಾಲೇಜುಗಳಲ್ಲಿ ಅಂಗಡಿಯ ಪುಡಿಯನ್ನೇ ತರಿಸಿ ವಿದ್ಯಾರ್ಥಿಗಳಿಂದ ಈ ಪರೀಕ್ಷೆ ಮಾಡಿಸಿದರೆ, ಪಾಠವೂ ನಿಲ್ಲುತ್ತದೆ, ಊರಿಗೂ ಪ್ರಯೋಜನವಾಗುತ್ತದೆ.

ಮೂರನೆಯ ಸೋಂಕುನಾಶಕವು ಕ್ಲೋರಿನ್ ಡಯಾಕ್ಸೈಡ್. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಅರ್ಬುದ ರೋಗವನ್ನು ಉಂಟುಮಾಡಬಲ್ಲುದೆಂದು ಅಂತರರಾಷ್ಟ್ರೀಯ ಸಂಸ್ಥೆಯು ೨೦೦೪ರಲ್ಲಿ ನಿರ್ಣಯಿಸಿತು. ಸಿಂಪಡಿಸುವವರ ಆರೋಗ್ಯದ ದೃಷ್ಟಿಯಿಂದ ಅದರ ಸ್ಥಾನಕ್ಕೆ ಬೇರೆ ಔಷಧಗಳು ಬರುತ್ತಿರುವುದು ಒಳ್ಳೆಯದೇ. ಈ ಮೂರನೆಯದರ ಸಾರತೆಯನ್ನು ಶೇಕಡದಲ್ಲಿ ಹೇಳದೆ ದಶಲಕ್ಷಕ್ಕೆ ಇಷ್ಟು ಭಾಗವೆಂದು ಹೇಳುವ ರೂಢಿ. ನೀರಿನ ದ್ರಾವಣಗಳಲ್ಲಿ, ದಶಲಕ್ಷಕ್ಕೆ ಒಂದು ಭಾಗವೆಂದರೆ ಲೀಟರಿಗೆ ಒಂದು ಮಿಲಿಗ್ರಾಂ ಎಂದೇ ತಿಳಿಯಬಹುದು. ಡಬ್ಬಿಯ ದ್ರಾವಣವು ದಶಲಕ್ಷಕ್ಕೆ ೨೦,೦೦೦. ಹುಳುಮನೆಗೆ ಬೇಕಾದುದು ೫೦೦. ಎಂದರೆ ನಲವತ್ತು ಪಾಲು ತೆಳುಮಾಡಬೇಕು. ಡಬ್ಬಿಯ ಜೊತೆಗೆ ಬರುವ ಹರಳನ್ನು ಹೇಳಿದ ಪ್ರಮಾಣದಲ್ಲಿ ಸೇರಿಸಿ ಸಿದ್ಧಗೊಳಿಸಿದ ಅರ್ಧ ಲೀಟರಿಗೆ ೧೯.೫ ಲೀಟರು ನೀರು ಸೇರಿಸಿದರೆ ೨೦ ಲೀಟರಾಗುತ್ತದೆ. ನಮ್ಮ ೯೦ ಲೀಟರಿಗೆ ೨.೨೫ ಲೀಟರು ಬೇಕು. ಸುಣ್ಣವನ್ನು ಶೇಕಡ ೦.೫ರಂತೆ ಹಾಕುವುದಾದರೆ ೪೫೦ ಗ್ರಾಂ.

ಇದೆಲ್ಲ ಹಳ್ಳಿಯ ಮಾತಾಯಿತು, ಪಟ್ಟಣದ ನಮಗೇನು ಎಂದು ಕೇಳುವವರಿಗೆ ಒಂದು ಮಾತು. ನಿಮ್ಮ ಮನೆಯ ನೀರಿನ ತೊಟ್ಟಿಗೂ ಇದೇ ಚೆಲುವೆ ಪುಡಿಯನ್ನು ಹಾಕುತ್ತೀರಿ. ಸಾವಿರ ಲೀಟರಿನ ತೊಟ್ಟಿಗೆ ಶೇಕಡ ೩೦ರ ಪುಡಿ ಎರಡೂವರೆ ಗ್ರಾಂ ಹಾಕಿದರೆ, ಕ್ಲೋರಿನ್ ಮುಕ್ಕಾಲು ಗ್ರಾಂ. ಲೀಟರಿಗೆ ಮುಕ್ಕಾಲು ಮಿಲಿಗ್ರಾಂ. ಹುಳುಮನೆಯಲ್ಲಿ ಲೀಟರಿಗೆ ಆರು ಸಾವಿರ ಮಿಲಿಗ್ರಾಂ ಇತ್ತು. ಎಂಟು ಸಾವಿರ ಪಾಲು ವ್ಯತ್ಯಾಸ! ಒಂದೇ ಪುಡಿ, ಒಂದು ಕಡೆಯಲ್ಲಿ ಕುಡಿಯುವ ನೀರನ್ನು ಕಾಪಾಡುತ್ತದೆ, ಇನ್ನೊಂದು ಕಡೆಯಲ್ಲಿ ನೆಲದಲ್ಲಿ ಅಡಗಿದ ರೋಗವನ್ನು ಕೊಲ್ಲುತ್ತದೆ. ಅದು ರಕ್ಷಕವೋ ವಿಷವೋ ಎಂಬುದನ್ನು ನಿಶ್ಚಯಿಸುವುದು ಅದರ ಹೆಸರಲ್ಲ, ಸಾರತೆ. ಚಿಟಿಕೆಯಿಂದಲೂ ಕಣ್ಣಂದಾಜಿನಿಂದಲೂ ಈ ಕೆಲಸ ನಡೆಸುವುದು ಅಪಾಯಕರವೆಂದು ಬೇರೆ ಹೇಳಬೇಕಾಗಿಲ್ಲ.

ಮುಗಿಸುವ ಮುನ್ನ ಎಚ್ಚರಿಕೆಯ ಒಂದೆರಡು ಮಾತುಗಳು. ಒಂದು ಸೋಂಕುನಾಶಕವನ್ನು ಇನ್ನೊಂದರೊಡನೆ ಎಂದಿಗೂ ಬೆರೆಸಬಾರದು. ಚೆಲುವೆ ಪುಡಿಗೆ ಆಮ್ಲ ತಾಗಿದರೆ ಉಸಿರುಗಟ್ಟಿಸುವ ಕ್ಲೋರಿನ್ ಅನಿಲವು ಹೊರಡುತ್ತದೆ. ಬಚ್ಚಲುಮನೆ ತೊಳೆಯುವ ಆಮ್ಲವನ್ನು ಬಳಸುವ ಪಟ್ಟಣದ ಮನೆಗಳಲ್ಲಿಯೂ ಇದನ್ನು ನೆನಪಿಡಬೇಕು. ಸಿಂಪಡಿಸುವವರು ಮುಖಕ್ಕೆ ಮುಸುಕು, ಕೈಗೆ ಗವುಸು, ಕಣ್ಣಿಗೆ ಕನ್ನಡಕವಿಲ್ಲದೆ ಒಳಕ್ಕೆ ಹೋಗಬಾರದು. ಲೆಕ್ಕಕ್ಕಿಂತ ಹೆಚ್ಚು ಕಟುವಾಗಿದ್ದರೆ ಹೆಚ್ಚು ಒಳ್ಳೆಯದೆಂಬ ಭಾವನೆಯೂ ಸಲ್ಲದು. ಅದರಿಂದ ಹಣ ಹಾಳು, ಸಿಂಪಡಿಸುವವನ ಮೈಗೂ ಕೇಡು.

ಮಹನೀಯರೇ, ಮೈಸೂರಿನಲ್ಲಿ ೧೯೬೧ರಿಂದಲೂ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯು ಕೆಲಸ ಮಾಡುತ್ತಿದೆ. ವಿಧಿಗಳನ್ನು ಗೊತ್ತುಮಾಡುವ ವಿದ್ವಾಂಸರಿಗೆ ಕೊರತೆಯಿಲ್ಲ. ಆದರೆ ವಿದ್ವಾಂಸರು ಬರೆದ ಶೇಕಡ ಎರಡು ಎಂಬ ಮಾತು ಬಿಡದಿಯ ಬಳಿಯ ಹುಳುಮನೆಯ ಡ್ರಮ್ಮಿನೊಳಕ್ಕೆ ಸರಿಯಾಗಿ ಇಳಿಯಬೇಕಾದರೆ, ಅಲ್ಲಿ ಬಿಂದಿಗೆ ಹಿಡಿದು ನಿಂತವರಿಗೆ ಮೂರು ಪ್ರಶ್ನೆಗಳು ತಿಳಿದಿರಬೇಕು. ಈ ಅಂಕಿ ಯಾವ ವಸ್ತುವಿನದು? ತೂಕದಲ್ಲಿಯೋ ಗಾತ್ರದಲ್ಲಿಯೋ? ಕೊನೆಗೆ ಒಟ್ಟು ಎಷ್ಟಾಗಬೇಕು? ಈ ಮೂರಕ್ಕೂ ಉತ್ತರ ದೊರೆತ ಮೇಲೆ ಉಳಿಯುವುದು ಒಂದು ಗುಣಾಕಾರ, ಒಂದು ಭಾಗಾಕಾರ. ಅಷ್ಟು ಗಣಿತವು ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಬಾರದುದಲ್ಲ. ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ, ಈ ರಾತ್ರಿ ಊಟಕ್ಕೆ ಕುಳಿತಾಗ ಆ ತೊಂಬತ್ತು ಲೀಟರಿನ ಲೆಕ್ಕವನ್ನು ಅವರಿಗೆ ಕೊಟ್ಟು ನೋಡಿ. ೧.೮ ಲೀಟರು ಎಂದು ಉತ್ತರ ಬಂದರೆ ಗದರಿಸಬೇಡಿ. ಯಾವುದರಲ್ಲಿ ಯಾವುದು ಎಂದು ಒಂದು ಪ್ರಶ್ನೆಯನ್ನು ಕೇಳಿ. ಐದು ಲೀಟರೆಂಬ ಉತ್ತರವನ್ನು ಅವರೇ ಹುಡುಕಿಕೊಳ್ಳುತ್ತಾರೆ.